ಬೆನ್ನುಹುರಿಯ ಎವಿಎಂಗೆ ರೇಡಿಯೇಷನ್ ಕೊಡಿಸಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ, ದಾವಣಗೆರೆಯಲ್ಲಿದ್ದೇವೆ. ಕಳೆದ ವರ್ಷ ಇದ್ದಕ್ಕಿದ್ದ ಹಾಗೆ ಅವನ ಕುತ್ತಿಗೆ ಹಿಂದೆ ಚಾಕು ಹಾಕಿದಂಥ ನೋವು ಬಂತು. ಒಂದೆರಡು ಗಂಟೆಯೊಳಗೆ ಬಲಗೈ, ಬಲಗಾಲು ಸೋತುಹೋದವು. ಎಂಆರ್‌ಐ ಮಾಡಿ, ಕುತ್ತಿಗೆ ಭಾಗದ ಬೆನ್ನುಹುರಿಯೊಳಗೆ ಎವಿಎಂ (ರಕ್ತನಾಳಗಳ ಗೋಜಲು) ಇದೆ, ಅದು ಒಡೆದು ರಕ್ತಸ್ರಾವ ಆಗಿದೆ ಎಂದರು. ಆಮೇಲೆ ಆಂಜಿಯೋಗ್ರಾಂ ಮಾಡಿ ಸ್ವಲ್ಪ ಭಾಗಕ್ಕೆ ನಾಳದ ಒಳಗಿನಿಂದ ಗ್ಲೂ (ಅಂಟು) ಹಾಕಿ ಮುಚ್ಚಿದರು. ಉಳಿದ ಭಾಗಕ್ಕೆ ದಾರಿ ಸಿಗುತ್ತಿಲ್ಲ, ಆಪರೇಷನ್ ಮಾಡಿದರೆ ಕೈಕಾಲು ಪೂರ್ತಿ ಹೋಗಬಹುದು ಎನ್ನುತ್ತಾರೆ. ಈಗ ಕೋಲು ಹಿಡಿದು ನಡೆಯುತ್ತಾನೆ. ನೆಂಟರೊಬ್ಬರು ಸೈಬರ್‌ನೈಫ್ ಎಂಬ ರೇಡಿಯೇಷನ್ ಯಂತ್ರದ ವಿಡಿಯೊ ಕಳಿಸಿದ್ದಾರೆ. ಕೊಯ್ಯೋದೇ ಇಲ್ಲ, ಮೂರು ದಿನದಲ್ಲಿ ಮುಗಿಯುತ್ತೆ ಅಂತ ಅದರಲ್ಲಿದೆ. ಮಾಡಿಸಬಹುದಾ? ಇದು ಕ್ಯಾನ್ಸರ್‌ಗೆ ಕೊಡೋ ಕರೆಂಟೇ ಅಲ್ವಾ? ಕೈಗೆ ಶಕ್ತಿ ವಾಪಸ್ ಬರುತ್ತಾ? ಊರಲ್ಲಿ ಕೆಲವರು ಮಾಲೀಸು ಮಾಡಿಸಿ ಎನ್ನುತ್ತಾರೆ, ಅದೂ ಸರಿನಾ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ, ಈ ಚಿಕಿತ್ಸೆಯ ಬಗ್ಗೆ ಯೋಚಿಸಬೇಕಾದವರಲ್ಲಿ ನಿಮ್ಮ ತಮ್ಮನೂ ಒಬ್ಬ. ಆದರೆ ಮೂರು ದಿನದಲ್ಲಿ ಮುಗಿಯುವುದು ಕಿರಣ ಕೊಡುವ ಕೆಲಸ ಮಾತ್ರ. ಅದರ ಫಲ ಕಾಣಲು ಎರಡು ಮೂರು ವರ್ಷ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿಯತನಕ ಮತ್ತೆ ರಕ್ತಸ್ರಾವ ಆಗುವ ಭಯ ಇದ್ದೇ ಇರುತ್ತದೆ. ವಿಡಿಯೊದಲ್ಲಿ ಇದನ್ನು ಹೇಳಿರುವುದಿಲ್ಲ.

ಮೊದಲು ತೊಂದರೆ ಯಾವ ಬಗೆಯದು ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಯಾವ ಮಷೀನ್ ಒಳ್ಳೆಯದು ಎಂಬುದೇ. ಮಷೀನ್ ಆಮೇಲಿನ ಮಾತು. ಬೆನ್ನುಹುರಿಯ ರಕ್ತನಾಳದ ತೊಂದರೆಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ರೇಡಿಯೇಷನ್‌ಗೆ ಜಾಗ ಇರುವುದು ಒಂದೇ ಒಂದು ಬಗೆಗೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಡ್ಯೂರಲ್ ಫಿಸ್ಟುಲಾ. ಸಾಮಾನ್ಯವಾಗಿ ಐವತ್ತು ದಾಟಿದ ಗಂಡಸರಿಗೆ ಬರುತ್ತದೆ. ಕಾಲು ನಿಧಾನಕ್ಕೆ ಸೋಲುತ್ತದೆ, ಜೋಮು ಹಿಡಿಯುತ್ತದೆ, ಆಮೇಲೆ ಮೂತ್ರ ಕಟ್ಟುತ್ತದೆ. ಡಿಸ್ಕ್ ತೊಂದರೆ ಅಂತ ವರ್ಷಗಟ್ಟಲೆ ಬೆಲ್ಟ್, ಟ್ರಾಕ್ಷನ್ ಆಗಿರುತ್ತದೆ. ಕೆಲವರಿಗೆ ಸೊಂಟದ ಆಪರೇಷನ್ನೂ ಆಗಿರುತ್ತದೆ, ಗುಣ ಮಾತ್ರ ಇಲ್ಲ. ನಿಜವಾದ ತೊಂದರೆ ಇರುವುದು ನರದ ಬೇರಿನ ಹೊದಿಕೆಯಲ್ಲಿ. ಅಲ್ಲಿ ಒಂದು ಸಣ್ಣ ಆರ್ಟರಿ (ಹೃದಯದಿಂದ ರಕ್ತ ತರುವ ನಾಳ) ನೇರವಾಗಿ ವೇನ್‌ಗೆ (ರಕ್ತ ವಾಪಸ್ ಒಯ್ಯುವ ನಾಳ) ಸೇರಿಕೊಂಡಿರುತ್ತದೆ. 1977ರಲ್ಲಿ ಲಂಡನ್ನಿನ ಕೆಂಡಾಲ್ ಮತ್ತು ಲೋಗ್ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ಅದಕ್ಕೂ ಮೊದಲು ಸರ್ಜನ್‌ಗಳು ಬೆನ್ನುಹುರಿಯ ಮೇಲೆ ಉಬ್ಬಿದ ವೇನ್‌ಗಳನ್ನೇ ರೋಗ ಎಂದುಕೊಂಡು ಉದ್ದಕ್ಕೂ ಬಿಡಿಸಿ ತೆಗೆಯುತ್ತಿದ್ದರು. ಈಗ ಆ ಒಂದು ಕೊಂಡಿಯನ್ನು ಆಪರೇಷನ್ನಿನಲ್ಲೋ ಗ್ಲೂ ಹಾಕಿಯೋ ಮುಚ್ಚುತ್ತಾರೆ, ಅಲ್ಲಿಗೆ ಮುಗಿಯಿತು. ಇಂಥವರಿಗೆ ರೇಡಿಯೇಷನ್ ಕೊಟ್ಟು ಎರಡು ವರ್ಷ ಕಾಯಿಸುವುದು ಎಂದರೆ ಕಾಲು ಕಳೆದುಕೊಳ್ಳಲು ಬಿಟ್ಟ ಹಾಗೆ. ಇನ್ನೊಂದು ಮಾತು: ಈ ತೊಂದರೆ ಇದೆ ಎಂದು ಗೊತ್ತಿಲ್ಲದೆ ಸ್ಟೀರಾಯ್ಡ್ ಕೊಟ್ಟರೆ ಕೆಲವರಿಗೆ ಕಾಲು ಏಕ್‌ದಂ ಬಿದ್ದುಹೋಗುವುದುಂಟು. ಹಾಗೇನಾದರೂ ಆಗಿದ್ದರೆ ಡಾಕ್ಟರಿಗೆ ಹೇಳಿ, ಅದೇ ಒಂದು ಸುಳಿವು.

ಹುರಿಯ ಮೇಲ್ಮೈಯಲ್ಲೇ ಕೂತಿರುವ ಫಿಸ್ಟುಲಾ ಇನ್ನೊಂದು ಬಗೆ. ಅದಕ್ಕೂ ಗ್ಲೂ, ಕಾಯಿಲ್ (ಸಣ್ಣ ಲೋಹದ ಸುರುಳಿ) ಅಥವಾ ಆಪರೇಷನ್. ಕ್ಯಾವರ್ನೋಮಾ (ರಕ್ತ ತುಂಬಿದ ಸಣ್ಣ ಗೂಡುಗಳ ಗಂಟು) ಇದ್ದರೆ ಅದು ಆಂಜಿಯೋಗ್ರಾಂನಲ್ಲಿ ಕಾಣುವುದೇ ಇಲ್ಲ, ಎಂಆರ್‌ಐನಲ್ಲಿ ಮಾತ್ರ ಕಾಣುತ್ತದೆ. ಬೆನ್ನುಹುರಿಯೊಳಗಿನ ಕ್ಯಾವರ್ನೋಮಾಗೆ ರೇಡಿಯೇಷನ್ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಹೆಮಾಂಜಿಯೋಮಾ ಎಂದು ಬರೆದ ರಿಪೋರ್ಟ್ ಹಿಡಿದು ಗಾಬರಿಯಿಂದ ಓಡಿ ಬರುವವರು ಬಹಳ ಜನ. ಅದು ಹುರಿಯದಲ್ಲ, ಮೂಳೆಯೊಳಗಿನ ರಕ್ತನಾಳದ ಗೊಂಚಲು. ಹತ್ತು ಜನರ ಬೆನ್ನಿನ ಸ್ಕ್ಯಾನ್ ಮಾಡಿದರೆ ಸುಮಾರು ಒಬ್ಬರಲ್ಲಿ ಸಿಗುತ್ತದೆ. ಬಹುತೇಕ ಯಾರಿಗೂ ಅದರಿಂದ ಏನೂ ಆಗುವುದಿಲ್ಲ. ಅಪರೂಪಕ್ಕೆ ನೋವು ಕೊಟ್ಟರೆ ನಾಲ್ಕು ವಾರದ ಸಾಧಾರಣ ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗುತ್ತದೆ. 'ಬೆನ್ನಿನ ರಕ್ತನಾಳದ ಗಂಟಿಗೆ ರೇಡಿಯೇಷನ್ ಕೊಟ್ಟು ನಮ್ಮ ಮಾವ ಆರಾಮಾದರು' ಎಂದು ಯಾರಾದರೂ ಹೇಳಿದರೆ ಅದು ಇದೇ ಇರಬೇಕು. ಅದನ್ನು ನಿಮ್ಮ ತಮ್ಮನ ಕೇಸಿಗೆ ಹೋಲಿಸಬೇಡಿ.

ನಿಮ್ಮ ತಮ್ಮನಿಗೆ ಇರುವುದು ಹುರಿಯ ಒಳಗಿನ ಎವಿಎಂ. ಮಾಮೂಲಿಯಾಗಿ ಆರ್ಟರಿಯ ರಕ್ತ ಕೂದಲೆಳೆಯಂಥ ಸಣ್ಣ ನಾಳಗಳಲ್ಲಿ ಹರಡಿ, ಒತ್ತಡ ಇಳಿಸಿಕೊಂಡು, ಆಮೇಲೆ ವೇನ್ ಸೇರುತ್ತದೆ. ಇಲ್ಲಿ ನಡುವಿನ ಆ ಹಂತವೇ ಇಲ್ಲ. ನಾಲೆಯ ನೀರು ಕಾಲುವೆಗಳಲ್ಲಿ ಹಂಚಿ ಗದ್ದೆಗೆ ಹೋಗದೆ, ಏರಿ ಒಡೆದು ನೇರ ಹಳ್ಳಕ್ಕೆ ನುಗ್ಗಿದ ಹಾಗೆ. ಹಳ್ಳದ ದಡ ಕೊಚ್ಚಿಹೋಗುತ್ತದೆ, ಗದ್ದೆಯೂ ಒಣಗುತ್ತದೆ. ದೇಹದಲ್ಲಿ ಇದೇ ಎರಡು ತೊಂದರೆ ಆಗುವುದು: ತೆಳ್ಳಗಿನ ವೇನ್ ಒಡೆದು ರಕ್ತಸ್ರಾವ, ಪಕ್ಕದ ನರಗಳಿಗೆ ರಕ್ತದ ಕೊರತೆ. ಆರ್ಟರಿ ಮತ್ತು ವೇನ್ ಸಿಕ್ಕುಬಿದ್ದಿರುವ ಆ ಗೋಜಲನ್ನು ರಿಪೋರ್ಟಿನಲ್ಲಿ ನೈಡಸ್ ಎಂದು ಬರೆದಿರುತ್ತಾರೆ. ಅದಕ್ಕೆ ರಕ್ತ ತರುವ ನಾಳಗಳು ಫೀಡರ್‌ಗಳು. ನಿಮ್ಮ ರಿಪೋರ್ಟ್ ತೆಗೆದು ಫೀಡರ್ ಯಾವುದು ಎಂದು ನೋಡಿ. ಆಂಟೀರಿಯರ್ ಸ್ಪೈನಲ್ ಆರ್ಟರಿ (ಹುರಿಯ ಮುಂಭಾಗದ ನಾಳ) ಎಂದಿದ್ದರೆ, ಡಾಕ್ಟರು ದಾರಿ ಸಿಗುತ್ತಿಲ್ಲ ಎಂದದ್ದು ಯಾಕೆ ಅಂತ ಅರ್ಥವಾಗುತ್ತದೆ. ಬೆನ್ನುಹುರಿಯ ಮೂರನೇ ಎರಡು ಭಾಗಕ್ಕೆ ಅದೊಂದೇ ನಾಳದಿಂದ ರಕ್ತ ಬರುತ್ತದೆ. ಗ್ಲೂ ಸ್ವಲ್ಪ ಹಿಂದಕ್ಕೆ ಸರಿದರೂ ಕೈಕಾಲು ಎರಡೂ ಹೋಗಬಹುದು.

ಈ ಬಗೆಯ ಎವಿಎಂ ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ಕು ಜನರಿಗೆ ರಕ್ತಸ್ರಾವ ತರುತ್ತದೆ. ಒಮ್ಮೆ ಒಡೆದಿದ್ದರೆ ಈ ಲೆಕ್ಕ ಹತ್ತರ ಹತ್ತಿರ ಹೋಗುತ್ತದೆ. ಅದಕ್ಕೇ ಸುಮ್ಮನೆ ಕೂರುವುದು ಕಷ್ಟ.

ರೇಡಿಯೇಷನ್ ಇಲ್ಲಿ ಏನು ಮಾಡುತ್ತದೆ? ಸುಡುವುದಿಲ್ಲ, ಕತ್ತರಿಸುವುದಿಲ್ಲ. ರಕ್ತನಾಳದ ಒಳಪದರದ ಜೀವಕೋಶಗಳಿಗೆ ಪೆಟ್ಟು ಕೊಡುತ್ತದೆ. ಪೆಟ್ಟು ತಿಂದ ಗೋಡೆ ತಿಂಗಳುಗಟ್ಟಲೆ ದಪ್ಪ ಆಗುತ್ತಾ, ಒಳದಾರಿ ಕಿರಿದಾಗುತ್ತಾ, ಕೊನೆಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಇದು ದೇಹ ತಾನೇ ಮಾಡುವ ಕೆಲಸ, ಅವಸರ ಮಾಡಿಸಲು ಆಗುವುದಿಲ್ಲ.

ಮಿದುಳಿನ ಎವಿಎಂಗೆ ಇದು ಹಳೆಯ ಚಿಕಿತ್ಸೆ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲೇ, ಕೊಯ್ಯದೆ ಕಿರಣದಿಂದ ಮಾಡುವ ಇಂಥ ಚಿಕಿತ್ಸೆಗೆ ರೇಡಿಯೊಸರ್ಜರಿ ಎಂಬ ಹೆಸರು ಕೊಟ್ಟಿದ್ದರು. ಗಾಮಾ ನೈಫ್ ಎಂಬ ರೇಡಿಯೇಷನ್ ಯಂತ್ರದಿಂದ ಮಿದುಳಿನ ಎವಿಎಂಗೆ ಮೊದಲ ಚಿಕಿತ್ಸೆ ಆದದ್ದು 1970ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಆದರೆ ಅದಕ್ಕೆ ತಲೆಬುರುಡೆಗೆ ಸ್ಕ್ರೂ ಹಾಕಿ ಫ್ರೇಮ್ ಕೂರಿಸಬೇಕಿತ್ತು. ಬೆನ್ನಿಗೆ ಹಾಗೆ ಫ್ರೇಮ್ ಹಾಕುವುದು ಹೇಗೆ? ಹೀಗಾಗಿ ಬೆನ್ನುಹುರಿ ಬಹಳ ಕಾಲ ಕಾಯಬೇಕಾಯಿತು. ಲೆಕ್ಸೆಲ್ ಹತ್ತಿರ ಕಲಿತು ಬಂದ ಜಾನ್ ಆಡ್ಲರ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸೈಬರ್‌ನೈಫ್ ಕಟ್ಟಿದರು. ರೋಬೋ ತೋಳಿನ ತುದಿಗೆ ಎಕ್ಸ್‌ರೇ ಯಂತ್ರ ಕೂರಿಸಿ, ಮೂಳೆಯ ಚಿತ್ರವನ್ನು ಆಗಾಗ ತೆಗೆದು ಗುರಿ ಸರಿಮಾಡಿಕೊಳ್ಳುವ ಏರ್ಪಾಟು ಅದು. 1997ರಿಂದ ಅಲ್ಲಿ ಬೆನ್ನುಹುರಿಯ ಎವಿಎಂಗೂ ಇದನ್ನು ಬಳಸತೊಡಗಿದರು.

ಇನ್ನು ಡೋಸ್ ಮಾತು. ಇಲ್ಲೇ ಇರುವುದು ಕಷ್ಟ. ಮಿದುಳಿನ ಎವಿಎಂ ಮುಚ್ಚಬೇಕಾದರೆ ಒಂದೇ ಸಲಕ್ಕೆ 16ರಿಂದ 25 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಕೊಡುತ್ತೇವೆ. ಅಷ್ಟು ಕೊಟ್ಟರೆ ಹತ್ತರಲ್ಲಿ ಏಳೆಂಟು ಜನರಿಗೆ ಮುಚ್ಚುತ್ತದೆ. ಬೆನ್ನುಹುರಿ ಒಂದೇ ಸಲಕ್ಕೆ ನಿರಪಾಯವಾಗಿ ತಡೆಯುವುದು ಸುಮಾರು 13 ಗ್ರೇ. ಹುರಿಯ ಪಕ್ಕದಲ್ಲಿ ಗಡ್ಡೆ ಇದ್ದರೆ ಕಿರಣಗಳ ದಿಕ್ಕು ಹೊಂದಿಸಿ ಹುರಿಯನ್ನು ತಪ್ಪಿಸಬಹುದು. ಇಲ್ಲಿ ನೈಡಸ್ ಇರುವುದೇ ಹುರಿಯೊಳಗೆ. ಆ ಹುರಿಯೋ ಕಿರುಬೆರಳಿನಷ್ಟು ದಪ್ಪ. ಹಾಗಾಗಿ ಡೋಸನ್ನು ಎರಡರಿಂದ ಐದು ಸಲಕ್ಕೆ ಒಡೆದು ಕೊಡುತ್ತಾರೆ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ನರಕ್ಕೆ ಸ್ವಲ್ಪ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಒಡೆದು ಕೊಟ್ಟಷ್ಟೂ ರಕ್ತನಾಳಕ್ಕೆ ಬೀಳುವ ಪೆಟ್ಟೂ ಕಮ್ಮಿಯಾಗುತ್ತದೆ. ಆದ್ದರಿಂದ ಮಿದುಳಿನ ಎವಿಎಂನ ಫಲಿತಾಂಶ ತೋರಿಸಿ ಯಾರಾದರೂ ಇಲ್ಲೂ ಹಾಗೇ ಆಗುತ್ತದೆ ಎಂದರೆ ನಂಬಬೇಡಿ.

ಸ್ಟ್ಯಾನ್‌ಫರ್ಡ್‌ನವರು 2006ರಲ್ಲಿ ತಮ್ಮ 15 ರೋಗಿಗಳ ವಿವರ ಪ್ರಕಟಿಸಿದರು. ಕೊಟ್ಟ ಡೋಸ್ ಸರಾಸರಿ 20 ಗ್ರೇ ಚಿಲ್ಲರೆ, ಎರಡರಿಂದ ಐದು ಸಲದಲ್ಲಿ. ಯಾರಿಗೂ ಮತ್ತೆ ರಕ್ತಸ್ರಾವ ಆಗಲಿಲ್ಲ. ಮೂರು ವರ್ಷ ದಾಟಿದವರಲ್ಲಿ ಹೆಚ್ಚಿನವರ ಎವಿಎಂ ಎಂಆರ್‌ಐನಲ್ಲಿ ಚಿಕ್ಕದಾಗಿತ್ತು. ಕೇಳಲು ಚೆನ್ನಾಗಿದೆ, ಅಲ್ವಾ? ಈಗ ಇನ್ನೊಂದು ಅಂಕಿ ನೋಡಿ. ಆಂಜಿಯೋಗ್ರಾಂ ಮಾಡಿಸಿಕೊಂಡ ಐವರಲ್ಲಿ ಪೂರ್ತಿ ಮುಚ್ಚಿದ್ದು ಒಬ್ಬರದು ಮಾತ್ರ.

ರಕ್ತಸ್ರಾವ ಸೊನ್ನೆ ಎಂಬುದನ್ನೂ ಸ್ವಲ್ಪ ತೂಗಿ ನೋಡಬೇಕು. 15 ಜನರನ್ನು ಸರಾಸರಿ ಎರಡೂಕಾಲು ವರ್ಷ ಗಮನಿಸಿದ್ದಾರೆ. ಎಲ್ಲ ಸೇರಿಸಿದರೆ ಸುಮಾರು 35 ವರ್ಷ. ವರ್ಷಕ್ಕೆ ನೂರಕ್ಕೆ ನಾಲ್ಕರ ಲೆಕ್ಕ ಹಾಕಿದರೆ, ಏನೂ ಮಾಡದೇ ಇದ್ದರೂ ಒಂದೋ ಎರಡೋ ರಕ್ತಸ್ರಾವ ಆಗುತ್ತಿತ್ತು. ಹತ್ತರ ಲೆಕ್ಕವಾದರೆ ಮೂರ್ನಾಲ್ಕು. ಹಾಗಾಗಿ ಈ ಸೊನ್ನೆಯಲ್ಲಿ ಚಿಕಿತ್ಸೆಯ ಪಾಲೂ ಇರಬಹುದು, ಅದೃಷ್ಟದ ಪಾಲೂ ಇರಬಹುದು. ಚಿಕ್ಕದಾದ ಎವಿಎಂ ಒಡೆಯುವುದಿಲ್ಲ ಎಂದು ಬರೆದುಕೊಡಲು ಆಗುವುದಿಲ್ಲ. ಬೆನ್ನುಹುರಿಯಲ್ಲಿ ರಕ್ತದ ರಭಸ ಕಮ್ಮಿಯಾದರೂ ಅಪಾಯ ಸ್ವಲ್ಪ ತಗ್ಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಗ್ಲೂ ಹಾಕಿ ಅರ್ಧಂಬರ್ಧ ಮುಚ್ಚಿದವರಲ್ಲೂ ಹಾಗೆ ಕಂಡಿದೆ. ಅದಕ್ಕೇ ಬೇರೆ ದಾರಿ ಇಲ್ಲದವರಿಗೆ ನಾನು ರೇಡಿಯೇಷನ್ ಬೇಡ ಎನ್ನುವುದಿಲ್ಲ. ಆದರೆ ಆಪರೇಷನ್ನಿಗೆ ಸಿಗುವ ಎವಿಎಂ ಇದ್ದರೆ, ಕೊಯ್ಯುವ ಹೆದರಿಕೆಗಾಗಿ ಇದನ್ನು ಆರಿಸಿಕೊಳ್ಳುವುದು ತಪ್ಪು. ನುರಿತ ಕೈಯಲ್ಲಿ ಆಪರೇಷನ್ನಿಂದ ಪೂರ್ತಿ ಹೋಗುವ ಸಾಧ್ಯತೆ ಗ್ಲೂಗಿಂತಲೂ ರೇಡಿಯೇಷನ್‌ಗಿಂತಲೂ ಜಾಸ್ತಿ.

ಚಿಕಿತ್ಸೆಯ ದಿನ ಹೇಗಿರುತ್ತದೆ ಎಂದರೆ, ನೋಡುವವರಿಗೆ ಬೋರು ಹೊಡೆಯುತ್ತದೆ. ಕಷ್ಟದ ಕೆಲಸವೆಲ್ಲ ಅದಕ್ಕೂ ಮೊದಲೇ ಆಗಿರುತ್ತದೆ. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖ, ಕುತ್ತಿಗೆ, ಭುಜದ ಮೇಲೆ ಎಳೆದು ಅಚ್ಚು ಮಾಡುತ್ತಾರೆ. ತಣ್ಣಗಾದಾಗ ಅದು ಗಟ್ಟಿಯಾಗಿ, ರೋಗಿ ಅಲುಗಾಡದ ಹಾಗೆ ಹಿಡಿಯುತ್ತದೆ. ಆ ಮಾಸ್ಕ್ ಹಾಕಿಯೇ ತೆಳು ಪದರಗಳ ಸಿಟಿ ಸ್ಕ್ಯಾನ್. ಅದರ ಮೇಲೆ ಎಂಆರ್‌ಐ ಮತ್ತು ಆಂಜಿಯೋಗ್ರಾಂ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಆಮೇಲೆ ನೈಡಸ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಉಬ್ಬಿದ ವೇನ್ ಎಲ್ಲಿಂದ ಎಂದು ಪದರ ಪದರಕ್ಕೂ ಗೆರೆ ಎಳೆಯಬೇಕು. ವೇನನ್ನು ನೈಡಸ್ ಎಂದುಕೊಂಡು ಒಳಗೆ ಸೇರಿಸಿದರೆ ಹುರಿಗೆ ಅನಾವಶ್ಯಕ ಡೋಸ್ ಹೋಗುತ್ತದೆ. ನೈಡಸ್ಸಿನ ಒಂದು ಮೂಲೆ ಬಿಟ್ಟುಹೋದರೆ ಅದು ತೆರೆದೇ ಉಳಿಯುತ್ತದೆ. ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ (ಆಂಜಿಯೋಗ್ರಾಂ ಮಾಡಿ ಗ್ಲೂ ಹಾಕುವ ಡಾಕ್ಟರು) ಪಕ್ಕದಲ್ಲಿ ಕೂತು ಈ ಗೆರೆ ಎಳೆಸಬೇಕು ಎನ್ನುವುದು ನನ್ನ ಹಠ.

ಗ್ಲೂ ಹಾಕಿಸಿಕೊಂಡವರಿಗೆ ಇಲ್ಲೊಂದು ತೊಡಕಿದೆ. ಓನಿಕ್ಸ್ ಎಂಬ ದ್ರವ ಬಳಸಿದ್ದರೆ ಅದರಲ್ಲಿ ಟ್ಯಾಂಟಲಮ್ ಲೋಹದ ಪುಡಿ ಇರುತ್ತದೆ. ಸಿಟಿಯಲ್ಲಿ ಅದು ಬಿಳಿ ಗೆರೆಗಳಾಗಿ ಹರಡಿ ಸುತ್ತಲಿನ ಭಾಗವನ್ನು ಮಸುಕು ಮಾಡುತ್ತದೆ. ಹಾಗಾಗಿ ಗ್ಲೂ ಹಾಕುವ ಮೊದಲಿನ ಆಂಜಿಯೋಗ್ರಾಂ ಸಿಡಿ ಬಹಳ ಮುಖ್ಯ. ಡಿಸ್ಚಾರ್ಜ್ ಸಮ್ಮರಿ ಮಾತ್ರ ಇಟ್ಟುಕೊಂಡು ಸಿಡಿ ಕಳೆದುಕೊಂಡವರು ತುಂಬಾ ಜನ. ನೀವು ಅದನ್ನು ಎರಡು ಕಾಪಿ ಮಾಡಿಸಿ.

ಕಿರಣ ಕೊಡುವಾಗ ನೋವಿಲ್ಲ. ಮೇಜಿನ ಮೇಲೆ ಮಲಗಿರಬೇಕು, ತೋಳು ಸುತ್ತ ಸುತ್ತುತ್ತದೆ, ನಿಲ್ಲುತ್ತದೆ, ಮತ್ತೆ ಸುತ್ತುತ್ತದೆ. ಒಂದು ಗಂಟೆಯ ಆಸುಪಾಸು. ಮುಗಿದ ಮೇಲೆ ಮನೆಗೆ ಹೋಗಬಹುದು. ಕೆಲವರು ಮೊದಲ ದಿನಗಳಲ್ಲಿ ಬಾವು ಬಾರದಿರಲಿ ಎಂದು ಸ್ಟೀರಾಯ್ಡ್ ಕೊಡುತ್ತಾರೆ.

ಕ್ಯಾನ್ಸರ್‌ಗೆ ಕೊಡುವ ಕರೆಂಟೇ ಅಲ್ವಾ ಎಂದು ಕೇಳಿದ್ದೀರಿ. ಕಿರಣ ಅದೇ. ಆದರೆ ನಿಮ್ಮ ತಮ್ಮನಿಗೆ ಇರುವುದು ಕ್ಯಾನ್ಸರ್ ಅಲ್ಲ. ಕೂದಲು ಉದುರುತ್ತದೆ, ಊಟ ಸೇರುವುದಿಲ್ಲ ಎಂಬ ಭಯ ಬೇಡ. ಗಂಟಲು ಸ್ವಲ್ಪ ದಿನ ಕೆರೆಯಬಹುದು. ಅವನಿಗೆ ಇನ್ನೂ 27. ಮುಂದೆ ಹತ್ತಾರು ವರ್ಷ ಬದುಕಬೇಕಾದ ದೇಹಕ್ಕೆ ರೇಡಿಯೇಷನ್ ಕೊಟ್ಟಾಗ, ಅದರಿಂದಲೇ ಕ್ಯಾನ್ಸರ್ ಬರುವ ಬಹಳ ಸಣ್ಣ ಸಾಧ್ಯತೆಯೊಂದು ಇದ್ದೇ ಇರುತ್ತದೆ. ಆದರೆ ಇನ್ನೊಂದು ರಕ್ತಸ್ರಾವದ ಅಪಾಯದ ಮುಂದೆ ಅದು ದೊಡ್ಡದಲ್ಲ.

ನಾನು ಹೆದರುವುದು ಬೆನ್ನುಹುರಿಗೇ ಆಗುವ ಹಾನಿಗೆ. ಚಿಕಿತ್ಸೆಯಾದ ಎರಡು ಮೂರು ತಿಂಗಳಿಗೆ, ಗದ್ದವನ್ನು ಎದೆಗೆ ತಾಗಿಸಿದಾಗ ಬೆನ್ನಿನಿಂದ ಕಾಲಿನವರೆಗೆ ಶಾಕ್ ಹೊಡೆದಂತಾಗಬಹುದು. ಇದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ, ಗಾಬರಿ ಬೇಡ. ಆದರೆ ಆರು ತಿಂಗಳು ಕಳೆದ ಮೇಲೆ, ಎರಡು ಮೂರು ವರ್ಷದೊಳಗೆ, ಕೈಕಾಲು ನಿಧಾನಕ್ಕೆ ಸೋಲತೊಡಗಿದರೆ ಅದು ರೇಡಿಯೇಷನ್‌ನಿಂದ ಹುರಿಗೆ ಆದ ಪೆಟ್ಟಿರಬಹುದು. ಸರಿಯಾಗಿ ಲೆಕ್ಕ ಹಾಕಿ ಕೊಟ್ಟರೆ ಇದು ಅಪರೂಪ. ಬಂದರೆ ಮಾತ್ರ ಖಾತ್ರಿಯಾದ ಔಷಧ ಇಲ್ಲ. ಈ ಮಾತನ್ನು ಚಿಕಿತ್ಸೆಗೆ ಮುಂಚೆ ನಿಮ್ಮ ಡಾಕ್ಟರು ನೇರವಾಗಿ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ.

ಎಲ್ಲಿಗೆ ಹೋಗಬೇಕು? ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ ಎಂದು ಕೇಳಿರುತ್ತೀರಿ. ಅದು ತಲೆಯ ಯಂತ್ರ, ಬೆನ್ನುಹುರಿಗೆ ಉಪಯೋಗವಿಲ್ಲ. ಬೆನ್ನಿಗೆ ಸೈಬರ್‌ನೈಫ್ ಇಲ್ಲವೇ ಚಿತ್ರ ನೋಡುತ್ತಾ ಗುರಿ ಇಡುವ ಹೊಸ ಲಿನಾಕ್ (ರೇಡಿಯೇಷನ್ ಕೊಡುವ ಯಂತ್ರ) ಬೇಕು. ಇಂಥ ಯಂತ್ರ ಬೆಂಗಳೂರಿನಲ್ಲಿ ಸಿಗುತ್ತದೆ. ಆದರೆ ಯಂತ್ರ ಹುಡುಕುವ ಮೊದಲು ಆಂಜಿಯೋಗ್ರಾಂ ಸಿಡಿ ತೆಗೆದುಕೊಂಡು ನಿಮ್ಹಾನ್ಸ್‌ಗೋ ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಗೋ ಹೋಗಿ, ಉಳಿದ ಭಾಗಕ್ಕೆ ಹಿಂಭಾಗದ ನಾಳಗಳಿಂದ ಏನಾದರೂ ದಾರಿ ಇದೆಯಾ, ಆಪರೇಷನ್ ನಿಜಕ್ಕೂ ಆಗುವುದಿಲ್ಲವಾ ಎಂದು ಇನ್ನೊಂದು ಅಭಿಪ್ರಾಯ ಪಡೆಯಿರಿ. ಅವರೂ ಇಲ್ಲ ಎಂದರೆ ಆಮೇಲೆ ರೇಡಿಯೇಷನ್ ಮಾತು. ರೇಡಿಯೇಷನ್ ಕೊಡುವವರನ್ನು ಒಂದು ಪ್ರಶ್ನೆ ಕೇಳಿ: ಹುರಿಯೊಳಗಿನ ಎವಿಎಂಗೆ ಎಷ್ಟು ಜನರಿಗೆ ಕೊಟ್ಟಿದ್ದೀರಿ? ಬೆನ್ನುಮೂಳೆಯ ಕ್ಯಾನ್ಸರ್‌ಗೆ ನೂರಾರು ಜನರಿಗೆ ಕೊಟ್ಟ ಅನುಭವ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಖರ್ಚಿನ ವಿಷಯ: ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕೌಂಟರಿನಲ್ಲಿ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ.

ನೈಡಸ್ ಸಣ್ಣದಾಗಿ, ಒಂದೇ ಕಡೆ ಒತ್ತಾಗಿದ್ದರೆ ರೇಡಿಯೇಷನ್‌ಗೆ ಒಳ್ಳೆಯದು. ಹುರಿಯುದ್ದಕ್ಕೂ ಮೂರ್ನಾಲ್ಕು ಮೂಳೆಗಳಷ್ಟು ಹರಡಿದ್ದರೆ ನಾನು ಕೊಡುವುದಿಲ್ಲ. ಆಗ ಕಾದು ನೋಡುವುದೇ ಒಳ್ಳೆಯ ಚಿಕಿತ್ಸೆ ಆಗಿರಬಹುದು.

ಕೊಟ್ಟ ಮೇಲೆ ಮೊದಮೊದಲು ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಆರ್‌ಐ. ಮೂರು ವರ್ಷಕ್ಕೆ ಆಂಜಿಯೋಗ್ರಾಂ. ಎಂಆರ್‌ಐ ಕ್ಲಿಯರ್ ಬಂತು, ಇನ್ನೇಕೆ ಆಂಜಿಯೋಗ್ರಾಂ ಎಂದು ತಪ್ಪಿಸಿಕೊಳ್ಳುವವರೇ ಜಾಸ್ತಿ. ಮುಚ್ಚಿದೆ ಎಂದು ಹೇಳಲು ಅದೊಂದೇ ಸಾಕ್ಷಿ. ಈ ಅವಧಿಯಲ್ಲಿ ಬಿಪಿ ಹಿಡಿತದಲ್ಲಿರಲಿ. ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ಯಾರೇ ಬರೆದುಕೊಟ್ಟರೂ ಎವಿಎಂ ಇದೆ ಎಂದು ಹೇಳಿ. ಮೊದಲ ಸಲದಂಥ ನೋವು ಮತ್ತೆ ಬಂದರೆ, ಕೈಕಾಲು ಏಕ್‌ದಂ ಸೋತರೆ, ಮೂತ್ರ ಕಟ್ಟಿದರೆ, ಬೆಳಿಗ್ಗೆ ನೋಡೋಣ ಎನ್ನಬೇಡಿ. ರಾತ್ರಿಯೇ ನ್ಯೂರೋಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ.

ಕೈಯ ಶಕ್ತಿ ತರುವುದು ರೇಡಿಯೇಷನ್ನಿನ ಕೆಲಸ ಅಲ್ಲ. ಮುಂದಿನ ರಕ್ತಸ್ರಾವ ತಪ್ಪಿಸುವುದಷ್ಟೇ ಅದರ ಗುರಿ. ರಕ್ತಸ್ರಾವದಿಂದ ಹೋದ ಶಕ್ತಿ ಹೆಚ್ಚಾಗಿ ಮೊದಲ ವರ್ಷದಲ್ಲೇ ಎಷ್ಟು ಬರಬೇಕೋ ಅಷ್ಟು ಬರುತ್ತದೆ. ಕೆಲವರಿಗೆ ಎವಿಎಂನ ರಭಸ ಇಳಿದ ಮೇಲೆ ನಡಿಗೆ ಇನ್ನೂ ಸ್ವಲ್ಪ ಸುಧಾರಿಸುವುದುಂಟು, ಆದರೆ ಅದನ್ನು ನಂಬಿಕೊಂಡು ಕೂರಬಾರದು. ಫಿಸಿಯೋಥೆರಪಿ ಇವತ್ತೂ ಬೇಕು, ರೇಡಿಯೇಷನ್ ಆದ ಮೇಲೂ ಬೇಕು. ಬೆರಳಿನ ಕೆಲಸಕ್ಕೆ ಆಕ್ಯುಪೇಷನಲ್ ಥೆರಪಿಸ್ಟ್ ಸಿಕ್ಕರೆ ಬಿಡಬೇಡಿ. ಅಂಗಿ ಗುಂಡಿ ಹಾಕಿಕೊಳ್ಳುವುದು, ತುತ್ತು ಕಲಸುವುದು, ಇಂಥವನ್ನೇ ಅಭ್ಯಾಸ ಮಾಡಿಸುತ್ತಾರೆ.

ಮಾಲೀಸು ಬಗ್ಗೆ: ಕೈಕಾಲಿಗೆ ಎಣ್ಣೆ ಹಚ್ಚಿ ಹಗುರಾಗಿ ತಿಕ್ಕಿದರೆ ತೊಂದರೆಯಿಲ್ಲ. ಕುತ್ತಿಗೆ, ಬೆನ್ನು ಮುಟ್ಟಿಸಬೇಡಿ. ಕಟಿಂಗ್ ಶಾಪಿನಲ್ಲಿ ತಲೆ ಹಿಡಿದು ಲಟಕ್ ಅನ್ನಿಸುತ್ತಾರಲ್ಲ, ಅದಂತೂ ಬೇಡವೇ ಬೇಡ. ಮುಂದಿನ ಸಲ ಕಟಿಂಗ್‌ಗೆ ಹೋಗುವಾಗ ನೀವೇ ಜೊತೆಗೆ ಹೋಗಿ ಹೇಳಿಬಿಡಿ.